ಕಾಸಾಬ್ಲಾಂಕಾದ ಬಾಗಿಲಲ್ಲಿ ನಿಂತವರು

ಹಾಲಿವುಡ್‌ನ ಹಳೆಯ ಚಿತ್ರಗಳ ಮಾತು ಬಂದಾಗ ‘ಕಾಸಾಬ್ಲಾಂಕಾ’ದ ಹೆಸರು ಬಾರದೆ ಇರದು. ಮೈಕೆಲ್ ಕರ್ಟಿಝ್ ನಿರ್ದೇಶಿಸಿದ ಈ ಚಿತ್ರ 1942ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ತೆರೆಕಂಡಿತು. ಮುಂದೆ ಅತ್ಯುತ್ತಮ ಚಿತ್ರ, ನಿರ್ದೇಶನ ಮತ್ತು ಚಿತ್ರಕತೆಗಾಗಿ ಆಸ್ಕರ್ ಪಡೆಯಿತು. ಇದನ್ನು ಪ್ರೇಮಕತೆಯೆಂದು ಕೊಂಡಾಡುವವರೇ ಹೆಚ್ಚು. ನನಗೆ ಇದು ಮೊದಲು ನಿರಾಶ್ರಿತರ ಕತೆ. ಹಾಗೆ ನೋಡಿದಾಗ ಇದರ ದೊಡ್ಡತನವೂ ಕೊರತೆಯೂ ಒಟ್ಟಿಗೇ ಕಾಣುತ್ತವೆ.

ನಾಝಿಗಳಿಗೆ ಹೆದರಿ ಯುರೋಪಿನಿಂದ ಓಡಿಬಂದವರು ಕಾಸಾಬ್ಲಾಂಕಾದಲ್ಲಿ ಸಿಕ್ಕಿಬಿದ್ದಿದ್ದಾರೆ. ಲಿಸ್ಬನ್‌ಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಲು ಅವರಿಗೆ ವೀಸಾ ಬೇಕು. ಒಂದು ಕಾಗದಕ್ಕಾಗಿ ಒಬ್ಬರು ಒಡವೆ ಮಾರುತ್ತಾರೆ, ಇನ್ನೊಬ್ಬರು ಮಾನವನ್ನೇ ಒತ್ತೆಯಿಡಬೇಕಾಗುತ್ತದೆ. ಇವರೆಲ್ಲ ಸೇರುವುದು ಅಮೆರಿಕನ್ ರಿಕ್‌ನ ಕೆಫೆಯಲ್ಲಿ. ಹಂಫ್ರಿ ಬೋಗಾರ್ಟ್ ನಟಿಸಿದ ರಿಕ್, ಯಾರಿಗಾಗಿಯೂ ತಲೆ ಕೊಡುವವನಲ್ಲ ಎಂದು ಹೇಳಿಕೊಳ್ಳುತ್ತಲೇ ಒಬ್ಬೊಬ್ಬರನ್ನಾಗಿ ಕಾಪಾಡುತ್ತಾನೆ. ಕೊನೆಗೆ ತಾನು ಪ್ರೀತಿಸಿದ ಇಲ್ಸಾಳನ್ನೇ ಅವಳ ಗಂಡನ ಜೊತೆ ವಿಮಾನ ಹತ್ತಿಸುತ್ತಾನೆ.

ಹಿಜ್ರತ್‌ನ ಸಂಕಟ ಬಲ್ಲವರಿಗೆ ಈ ಚಿತ್ರ ತಟ್ಟದೆ ಇರದು. ಕೆಫೆಯಲ್ಲಿ ಜರ್ಮನ್ ಅಧಿಕಾರಿಗಳು ತಮ್ಮ ಗೀತೆ ಹಾಡುವಾಗ, ಇಲ್ಸಾಳ ಗಂಡ ಲಾಸ್ಲೋ ವಾದ್ಯದವರಿಂದ ಫ್ರಾನ್ಸಿನ ರಾಷ್ಟ್ರಗೀತೆ ನುಡಿಸುತ್ತಾನೆ. ಇಡೀ ಕೆಫೆ ಎದ್ದು ನಿಂತು ಹಾಡುತ್ತದೆ. ಅಲ್ಲಿ ಕಣ್ಣೀರು ಸುರಿಸುತ್ತ ಹಾಡುವ ಮಾಡ್ಲೆನ್ ಲೆಬೋ, 1940ರಲ್ಲಿ ನಿಜವಾಗಿಯೂ ಫ್ರಾನ್ಸ್ ಬಿಟ್ಟು ಓಡಿಬಂದಿದ್ದ ನಟಿ. ನಾಝಿ ಮೇಜರ್ ಆಗಿ ನಟಿಸಿದ ಕಾನ್ರಾಡ್ ವೈಟ್, ಯಹೂದಿ ಹೆಂಡತಿಯೊಂದಿಗೆ ಹಿಟ್ಲರನ ಜರ್ಮನಿಯನ್ನು ತೊರೆದಿದ್ದವನು. ಕರ್ಟಿಝ್ ಕೂಡ ಬುಡಾಪೆಸ್ಟ್‌ನ ಯಹೂದಿ ಮನೆತನದವನು. ಈ ದೃಶ್ಯದ ಬಿಸಿ ಬರೀ ಸ್ಟುಡಿಯೊದ ದೀಪಗಳಿಂದ ಬಂದದ್ದಲ್ಲ.

ಆದರೆ ಈ ಊರು ಯಾರದು? ಅರಬಿಯಲ್ಲಿ ಇದರ ಹೆಸರು ದಾರುಲ್ ಬೈದಾ, ಬಿಳಿಯ ಮನೆ. ಚಿತ್ರದಲ್ಲಿ ಆ ಮನೆಯವರನ್ನು ಹುಡುಕಿದರೆ ಸಿಗುವುದು ಎಷ್ಟು ಜನ? ಕೆಫೆಯ ಬಾಗಿಲು ಕಾಯುವ ಅಬ್ದುಲ್. ಆ ಪಾತ್ರ ಮಾಡಿದವನು ಷಿಕಾಗೋದಲ್ಲಿ ಹುಟ್ಟಿದ ಡ್ಯಾನ್ ಸೆಮೋರ್. ಬಜಾರಿನಲ್ಲಿ ಇಲ್ಸಾಳಿಗೆ ಬಟ್ಟೆ ಮಾರುವವನು. ಆ ನಟ ಸಿಸಿಲಿಯಲ್ಲಿ ಹುಟ್ಟಿದವನು. ಅವಳು ರಿಕ್‌ನ ಗೆಳತಿಯೆಂದು ತಿಳಿದೊಡನೆ ಏಳುನೂರು ಫ್ರಾಂಕ್‌ನ ಸರಕನ್ನು ಇನ್ನೂರಕ್ಕೆ, ಮತ್ತೆ ನೂರಕ್ಕೆ ಇಳಿಸುತ್ತಾನೆ. ನಾವು ನಗುತ್ತೇವೆ. ಅವನಿಗೂ ಮನೆ, ಮಕ್ಕಳು, ಯುದ್ಧದ ಕಷ್ಟ ಇದ್ದೀತೆಂಬ ಯೋಚನೆ ಬರಲು ಚಿತ್ರ ಬಿಡುವು ಕೊಡುವುದಿಲ್ಲ.

ಮೊರಾಕ್ಕೊ 1912ರಿಂದ ಫ್ರಾನ್ಸಿನ ಹಿಡಿತದಲ್ಲಿತ್ತು. ಕೆಫೆಯೊಳಗೆ ಬಿಡುಗಡೆಯ ಹಾಡಾದದ್ದು, ಬೀದಿಯಲ್ಲಿದ್ದವರಿಗೆ ತಮ್ಮನ್ನು ಆಳುವವರ ಹಾಡು. 1944ರ ಜನವರಿಯಲ್ಲಿ ಮೊರಾಕ್ಕೊದ ಇಸ್ತಿಕ್ಲಾಲ್ ಪಕ್ಷ ಸ್ವಾತಂತ್ರ್ಯ ಬೇಕೆಂದು ಘೋಷಣಾಪತ್ರ ಹೊರಡಿಸಿತು. ಫ್ರೆಂಚರು ಕೊಟ್ಟ ಉತ್ತರ ಬಂಧನ. ಅದೇ ವರ್ಷ ಮೊರಾಕ್ಕೊದ ಸಿಪಾಯಿಗಳು ಫ್ರಾನ್ಸಿನ ಪರವಾಗಿ ಇಟಲಿಯಲ್ಲಿ ನಾಝಿಗಳ ವಿರುದ್ಧ ಸಾಯುತ್ತಿದ್ದರು. 1953ರಲ್ಲಿ ಸುಲ್ತಾನ್ ಐದನೆಯ ಮೊಹಮ್ಮದರನ್ನೇ ಗಡೀಪಾರು ಮಾಡಲಾಯಿತು. ದೇಶ ಸ್ವತಂತ್ರವಾದದ್ದು 1956ರಲ್ಲಿ.

ಕ್ಯಾಲಿಫೋರ್ನಿಯಾದ ಸ್ಟುಡಿಯೊದಲ್ಲಿ, ಯುದ್ಧದ ನಡುವೆ ತಯಾರಾದ ಚಿತ್ರದಿಂದ ಇಷ್ಟೆಲ್ಲ ಕೇಳುವುದು ನ್ಯಾಯವೇ ಎನ್ನಬಹುದು. ಅಮೆರಿಕಕ್ಕೆ ಆಗ ಹಿಟ್ಲರ್‌ನ ಎದುರು ಜನರನ್ನು ಹುರಿದುಂಬಿಸುವುದು ಮುಖ್ಯವಾಗಿತ್ತು, ಒಪ್ಪೋಣ. ಆದರೆ ಗುರುತು ಪರಿಚಯವಿಲ್ಲದ ಬಲ್ಗೇರಿಯಾದ ಹುಡುಗ ಹುಡುಗಿಯ ಕಷ್ಟಕ್ಕೆ ಕೆಲವು ನಿಮಿಷ ಕೊಡಬಲ್ಲ ಕತೆಗೆ, ದಿನವೂ ಬಾಗಿಲಲ್ಲೇ ಇರುವ ಅಬ್ದುಲ್‌ನಿಗೆ ಒಂದು ನಿಮಿಷ ಕೊಡಲು ಆಗಲಿಲ್ಲ. ಅದು ಸಮಯದ ಅಭಾವವಲ್ಲ, ನೋಟದ ಅಭಾವ. ಈ ಚಿತ್ರದ ಕರುಣೆ ಸುಳ್ಳಲ್ಲ. ಆದರೆ ಅದು ಹೊಸ್ತಿಲು ದಾಟಿ ಹೊರಗೆ ಹೋಗುವುದಿಲ್ಲ.

ಹಾಗೆಂದು ಚಿತ್ರವನ್ನು ತಳ್ಳಿಹಾಕಲು ನನ್ನಿಂದಾಗದು. ಲೆಬೋಳ ಕಣ್ಣೀರೂ ನಿಜ, ಅಬ್ದುಲ್‌ನ ಮೌನವೂ ನಿಜ. ಒಂದನ್ನು ಕಂಡು ಇನ್ನೊಂದಕ್ಕೆ ಕುರುಡಾಗದೆ ಇರುವುದೇ ನೋಡುಗನ ಕೆಲಸ. ನಾನೂ ಕತೆ ಬರೆಯುವವನು. ಹಾಲಿವುಡ್ ನಮ್ಮವರನ್ನು ಬಾಗಿಲಲ್ಲಿ ನಿಲ್ಲಿಸಿತೆಂದು ದೂರುವ ಮೊದಲು ನನ್ನ ಕತೆಗಳನ್ನು ತೆರೆದು ನೋಡಿದೆ. ಅಲ್ಲಿನ ಮನೆಗಳಲ್ಲಿ ಪಾತ್ರೆ ತೊಳೆದು, ಚಹಾ ತಂದಿಟ್ಟು ಹೋಗುವ ಹೆಂಗಸರಿಗೆ ಒಂದು ಮಾತು ಹಾಗಿರಲಿ, ಹೆಸರೂ ಇರಲಿಲ್ಲ.