ಗೆರೆ ಮೂಡದಿದ್ದರೆ ಗಿಡಕ್ಕೆ ರೋಗವಿಲ್ಲವೇ?

ಕಾಂಡದ ಚೂರನ್ನು ದ್ರಾವಣದಲ್ಲಿ ಜಜ್ಜಿ, ಪಟ್ಟಿಯನ್ನು ಅದ್ದಿ. ಎರಡು ಗೆರೆ ಮೂಡಿದರೆ ರೋಗವಿದೆ, ಒಂದೇ ಮೂಡಿದರೆ ಇಲ್ಲ. ಪ್ರತಿಕಾಯಗಳನ್ನು ಬಳಸುವ ಸಸ್ಯರೋಗ ಪರೀಕ್ಷೆಗಳ ಪರಿಚಯ ನಮ್ಮ ಪಾಠಗಳಲ್ಲೂ ಲೇಖನಗಳಲ್ಲೂ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಈ ಎರಡೂ ತೀರ್ಮಾನಗಳಿಗೆ ನನ್ನ ಆಕ್ಷೇಪವಿದೆ.

ಸಸ್ಯಗಳು ಪ್ರತಿಕಾಯಗಳನ್ನು ತಯಾರಿಸುವುದಿಲ್ಲ. (ಇದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡಿ.) ಬ್ಯಾಕ್ಟೀರಿಯವನ್ನು ಮೊಲಕ್ಕೋ ಇಲಿಗೋ ಚುಚ್ಚಿದಾಗ ಅದರ ದೇಹದಲ್ಲಿ ಉಂಟಾಗುವ ಪ್ರತಿಕಾಯ ಇಲ್ಲಿ ಬಳಕೆಯಾಗುತ್ತದೆ. ಅದು ಗುರುತಿಸುವುದು ರೋಗವನ್ನಲ್ಲ, ಬ್ಯಾಕ್ಟೀರಿಯದ ಹೊರಮೈಯಲ್ಲಿರುವ ಅಣುವಿನ ಆಕಾರವನ್ನು. ಸತ್ತ ಕೋಶದಲ್ಲೂ ಆ ಆಕಾರ ಉಳಿದಿರುತ್ತದೆ. ಹತ್ತಿರದ ಸಂಬಂಧಿ ಬ್ಯಾಕ್ಟೀರಿಯದಲ್ಲೂ ಇರಬಹುದು. 2003ರಲ್ಲಿ ಕೀನ್ಯಾದಿಂದ ಅಮೆರಿಕಕ್ಕೆ ಹೋದ ಜೆರೇನಿಯಂ ಗಿಡದ ತುಂಡುಗಳಲ್ಲಿ ರಾಲ್‌ಸ್ಟೋನಿಯ ಸೋಲನೇಸಿಯರಂ ಕಂಡುಬಂತು. ಅಲ್ಲಿ ಭಯವಿದ್ದುದು ಆಲೂಗೆಡ್ಡೆಯನ್ನು ಕೊಳೆಸುವ ಒಂದು ನಿರ್ದಿಷ್ಟ ಬಗೆಯ ಬಗ್ಗೆ. ಪಟ್ಟಿ ಮಾತ್ರ 'ರಾಲ್‌ಸ್ಟೋನಿಯ ಇದೆ' ಎಂದಷ್ಟೇ ಹೇಳಬಲ್ಲದು. ಯಾವ ಬಗೆ ಎಂದು ತಿಳಿಯಲು ಪ್ರಯೋಗಾಲಯದ ಡಿಎನ್‌ಎ ಪರೀಕ್ಷೆಯೇ ಬೇಕು.

ಇದೇ ಗುಂಪಿನ ಬ್ಯಾಕ್ಟೀರಿಯ ನಮ್ಮ ಮಲೆನಾಡಿನ ಶುಂಠಿಯನ್ನೂ ಸೊರಗಿಸುತ್ತದೆ. ಸೊರಗಿದ ಗಿಡದ ಕಾಂಡವನ್ನು ಕತ್ತರಿಸಿ, ತುದಿಯನ್ನು ಒಂದು ಲೋಟ ತಿಳಿನೀರಿನಲ್ಲಿ ಇಳಿಬಿಡಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿಯುವುದನ್ನು ಕಾಣಬಹುದು. ಅಲ್ಲಿ ಪಟ್ಟಿ ಹೆಚ್ಚೇನನ್ನೂ ಹೇಳುವುದಿಲ್ಲ. ರೈತನಿಗೆ ಉತ್ತರ ಬೇಕಿರುವುದು ಆರೋಗ್ಯವಾಗಿ ಕಾಣುವ ಬಿತ್ತನೆ ಗಡ್ಡೆಯ ಬಗ್ಗೆ. ಎಲೈಸಾದಂಥ ಪರೀಕ್ಷೆಗೂ ಒಂದು ಮಿಲಿಲೀಟರಿನಲ್ಲಿ ಸುಮಾರು ಲಕ್ಷದಿಂದ ಹತ್ತು ಲಕ್ಷ ಕೋಶಗಳಿರಬೇಕು. ಭೌತವಿಜ್ಞಾನದವರಿಗೆ ಇದು ಹೊಸದಲ್ಲ: ಸ್ಕೇಲಿನ ಕನಿಷ್ಠ ಅಳತೆಗಿಂತ ಚಿಕ್ಕದನ್ನು ಸೊನ್ನೆ ಎನ್ನುವಂತಿಲ್ಲ. ಆಯ್ದ ಮಾಧ್ಯಮದಲ್ಲಿ ಒಂದೆರಡು ದಿನ ಬೆಳೆಸಿ ಪರೀಕ್ಷಿಸಿದರೆ ಸೂಕ್ಷ್ಮತೆ ಬಹಳ ಹೆಚ್ಚುತ್ತದೆ, ಸತ್ತ ಕೋಶಗಳ ಗೊಂದಲವೂ ತಗ್ಗುತ್ತದೆ. ಆದರೆ ಆಗ 'ಹೊಲದಲ್ಲೇ ಫಲಿತಾಂಶ' ಎಂಬ ಆಕರ್ಷಣೆ ಉಳಿಯುವುದಿಲ್ಲ!

ಇನ್ನು ಎರಡು ಗೆರೆಯ ಮಾತು. ರೋಗವಿರುವ ನೂರರಲ್ಲಿ 95 ಗಿಡಗಳನ್ನೂ ಇಲ್ಲದ ನೂರರಲ್ಲಿ 95 ಗಿಡಗಳನ್ನೂ ಸರಿಯಾಗಿ ಹೇಳುವ ಪಟ್ಟಿ ಇದೆ ಎಂದಿಟ್ಟುಕೊಳ್ಳಿ. 10,000 ಗಿಡಗಳಲ್ಲಿ 100ಕ್ಕೆ ಮಾತ್ರ ಸೋಂಕಿದ್ದರೆ, ಎರಡು ಗೆರೆ ಮೂಡುವುದು ಸೋಂಕಿರುವ 95 ಗಿಡಗಳಿಗೆ, ಸೋಂಕಿಲ್ಲದ 495 ಗಿಡಗಳಿಗೆ! ಕಿತ್ತೆಸೆದ ಆರು ಗಿಡಗಳಲ್ಲಿ ಐದು ನಿರ್ದೋಷಿಗಳು. ಅರ್ಧಕ್ಕರ್ಧ ಸೋಂಕಿರುವ ತೋಟದಲ್ಲಾದರೆ ಅದೇ ಪಟ್ಟಿಯ ಎರಡು ಗೆರೆಗಳನ್ನು ನೂರಕ್ಕೆ 95ರಷ್ಟು ನಂಬಬಹುದು. ಸೋಂಕು ಶೇಕಡ 5, 10, 20 ಇದ್ದಾಗ ಏನಾಗುತ್ತದೆಂದು ತರಗತಿಯಲ್ಲಿ ಲೆಕ್ಕ ಮಾಡಿಸಿ ನೋಡಿ.