ಕತ್ತಿನ ಮೇಲಿನ ಗೆರೆ

1988ರಲ್ಲಿ ಡಿಸಿ ಕಾಮಿಕ್ಸ್ ಓದುಗರಿಗೆ ಎರಡು ಫೋನ್ ನಂಬರ್ ಕೊಟ್ಟಿತು: ಖಳ ಜೋಕರ್ ಕೈಗೆ ಸಿಕ್ಕ, ಬ್ಯಾಟ್‌ಮನ್‌ನ ಸಹಚರ ರಾಬಿನ್, ಅಂದರೆ ಜೇಸನ್ ಟಾಡ್, ಬದುಕಬೇಕೋ ಸಾಯಬೇಕೋ? ಬದುಕಲಿ ಎಂದು ಬಂದ ಕರೆ 5,271. ಸಾಯಲಿ ಎಂದು 5,343. ಬರೀ 72 ಕರೆಗೆ ಹುಡುಗ ಹೋದ.

ಮುಂದೆ ಅವನೇ ರೆಡ್ ಹುಡ್ ಎಂಬ ಹೆಸರಲ್ಲಿ ಮರಳಿ ಬಂದು ಬ್ಯಾಟ್‌ಮನ್‌ನನ್ನು ಕೇಳುತ್ತಾನೆ, ನನ್ನನ್ನು ಕೊಂದವನು ಇನ್ನೂ ಯಾಕೆ ಉಸಿರಾಡುತ್ತಿದ್ದಾನೆ ಅಂತ. ಬ್ಯಾಟ್‌ಮನ್ ಜೋಕರ್‌ನನ್ನು ಕೊಲ್ಲುವುದಿಲ್ಲ. ಬದಲಿಗೆ ಅವನೆಸೆದ ಬಾವಲಿಯಾಕಾರದ ಆಯುಧ, ಬ್ಯಾಟರಾಂಗ್, ಸಾಕುಮಗ ಜೇಸನ್‌ನ ಕತ್ತನ್ನೇ ಸೀಳುತ್ತದೆ.

ಕಾಮಿಕ್ಸ್ ಅಲ್ಲಿಗೆ ಬಿಟ್ಟ ಎಳೆಯನ್ನು ಅಭಿಮಾನಿ ಕಥೆಗಾರರು ಹಿಡಿಯುವ ನಾಜೂಕು ನೋಡಬೇಕು. ಕೊಲ್ಲಬೇಕೇ ಬೇಡವೇ ಎಂದು ಪುಟಗಟ್ಟಲೆ ವಾದಿಸುವವರೂ ಇದ್ದಾರೆ, ಬಿಡಿ, ಅದು ಪಾಠ ಒಪ್ಪಿಸಿದಂತೆ. ಒಳ್ಳೆಯ ಕೈಯವರು ಕತ್ತಿನ ಗಾಯಕ್ಕೆ ಬರುತ್ತಾರೆ. ಜೇಸನ್ ಗಡ್ಡ ಹೆರೆಯುವಾಗ ಬ್ಲೇಡು ಆ ಗೆರೆಯ ಹತ್ತಿರ ನಿಧಾನವಾಗುತ್ತದೆ. ಸೆಖೆಯಲ್ಲೂ ಅಂಗಿಯ ಮೇಲ್ಗುಂಡಿ ಬಿಚ್ಚುವುದಿಲ್ಲ. ಬ್ಯಾಟ್‌ಮನ್‌ನ ಮನೆಯ ಬಟ್ಲರ್, ಮುದುಕ ಆಲ್ಫ್ರೆಡ್, ಟೀ ಬಗ್ಗಿಸುತ್ತ ಕತ್ತಿನ ಕಡೆ ನೋಡದಂತೆ ಜಾಗ್ರತೆ ವಹಿಸುತ್ತಾನೆ. ಬಾಗಿಲಲ್ಲಿ ನಿಂತ ಬ್ರೂಸ್, ಅಂದರೆ ಮುಖವಾಡ ಕಳಚಿದ ಬ್ಯಾಟ್‌ಮನ್, ಮಾತ್ರ ಅದನ್ನೇ ನೋಡುತ್ತಾನೆ, ಒಳಗೆ ಬರುವುದಿಲ್ಲ. ಜೋಕರ್‌ನ ಹೆಸರು ಯಾರ ಬಾಯಲ್ಲೂ ಇಲ್ಲ. ಟೀ ಆರುತ್ತಿರುತ್ತದೆ.