ಉದಕಾರ್ಗಳವೂ ಇಂದಿನ ಜಲಪರೀಕ್ಷೆಯೂ

ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಕ್ರಿ. ಶ. ೧೦೨೫ರ ಸುಮಾರಿನಲ್ಲಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ರಚಿಸಿದನು. ಈತನು ೯೭೮ರಲ್ಲಿ ಪುರಾಣವನ್ನು ಬರೆದ ಚಾವುಂಡರಾಯನಿಂದ ಭಿನ್ನನು. ಈ ಗ್ರಂಥದ ಉದಕಾರ್ಗಳ, ವೃಕ್ಷಾಯುರ್ವೇದ ಪ್ರಕರಣಗಳ ವಿಷಯದಲ್ಲಿ ಎರಡು ಪಕ್ಷಗಳುಂಟು. ಇಂದಿನ ಜಲವಿಜ್ಞಾನವೆಲ್ಲವೂ ಇಲ್ಲಿಯೇ ಅಡಗಿದೆಯೆಂಬುದು ಒಂದು; ಇದೆಲ್ಲವೂ ಬರಿಯ ಅಂಧವಿಶ್ವಾಸವೆಂಬುದು ಮತ್ತೊಂದು. ಶಾಸ್ತ್ರವು ಏನನ್ನು ಹೇಳಿದೆ, ಏನನ್ನು ಹೇಳಿಲ್ಲ ಎಂಬುದನ್ನು ವಿವೇಚಿಸಿದರೆ ಎರಡೂ ನಿಲ್ಲಲಾರವು.

ಈ ಶಾಸ್ತ್ರದ ಪ್ರಾಚೀನ ನೆಲೆ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ. ಆಕಾಶದಿಂದ ಬೀಳುವಾಗ ನೀರಿಗೆ ಒಂದೇ ವರ್ಣ, ಒಂದೇ ರಸ. ನೆಲದ ಭೇದದಿಂದಲೇ ಅದು ನಾನಾ ವರ್ಣ ನಾನಾ ರಸಗಳನ್ನು ಪಡೆಯುವುದು. ಆದಕಾರಣ ನೆಲವನ್ನು ಪರೀಕ್ಷಿಸುವಂತೆಯೇ ನೀರನ್ನೂ ಪರೀಕ್ಷಿಸಬೇಕು ಎಂಬುದು ಆತನ ಸಿದ್ಧಾಂತ. ಈ ಮಾತಿಗೆ ಇಂದಿಗೂ ಬಾಧಕವಿಲ್ಲ. ಕೋಲಾರ, ಪಾವಗಡ ಸೀಮೆಗಳ ಅಂತರ್ಜಲದಲ್ಲಿ ಕಾಣುವ ಫ್ಲೋರೈಡು ಬಹುಮಟ್ಟಿಗೆ ಅಲ್ಲಿಯ ಕಣಶಿಲೆಯಿಂದಲೇ ಕರಗಿ ಬಂದುದು. ನೆಲದ ಗುಣವೇ ನೀರಿನ ಗುಣವಾಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸಿದ್ಧಾಂತವು ಸಾಧುವಾದ ಮಾತ್ರಕ್ಕೆ ಸಾಧನಗಳು ಸಾಕೆಂದಾಗಲಿಲ್ಲ. ನೇರಿಳೆಯ ಮರಕ್ಕೆ ಪೂರ್ವದಲ್ಲಿ ಹುತ್ತವಿದ್ದರೆ ದಕ್ಷಿಣದ ಮಗ್ಗುಲಲ್ಲಿ ಎರಡು ಪುರುಷಪ್ರಮಾಣದ ಆಳಕ್ಕೆ ಸಿಹಿನೀರು ಎಂದು ಶಾಸ್ತ್ರವು ಹೇಳುತ್ತದೆ. ಪುರುಷವೆಂದರೆ ೧೨೦ ಅಂಗುಲ. ಎರಡಕ್ಕೆ ಸುಮಾರು ೧೫ ಅಡಿ. ಬೇರು ಮುಟ್ಟುವ ತೇವಕ್ಕೆ ಮರವು ಸಾಕ್ಷಿಯಾಗಬಲ್ಲುದು. ಸಾವಿರ ಅಡಿಯ ಕೊಳವೆಬಾವಿಯ ಬಂಡೆಯ ಬಿರುಕಿಗೆ ಅದು ಹೇಗೆ ಸಾಕ್ಷಿಯಾದೀತು?

ಇನ್ನು ಶೋಧನೆಯ ವಿಚಾರ. ಕದಡಿದ, ಕಟುವಾದ, ಉಪ್ಪಾದ, ರುಚಿಗೆಟ್ಟ, ದುರ್ಗಂಧದ ನೀರಿಗೆ ಅಂಜನ, ಲಾವಂಚ, ನೆಲ್ಲಿ, ಚಿಲ್ಲದ ಬೀಜ ಮೊದಲಾದವುಗಳ ಪುಡಿಯನ್ನು ವಿಧಿಸಿದೆ. ಚಿಲ್ಲದ ಬೀಜವು ಕೆಸರನ್ನು ತಳಕ್ಕಿಳಿಸುವುದು ದಿಟ. ಆದರೆ ಇಲ್ಲಿ ಎಣಿಸಿದ ದೋಷಗಳೆಲ್ಲವೂ ಕಣ್ಣು, ಮೂಗು, ನಾಲಗೆಗಳಿಗೆ ಗೋಚರವಾದುವು. ಫ್ಲೋರೈಡಾದರೋ ನೀರಿನಲ್ಲಿ ಬಣ್ಣವನ್ನಾಗಲಿ ವಾಸನೆಯನ್ನಾಗಲಿ ತೋರದು. ಲೀಟರಿಗೆ ೧.೫ ಮಿಲಿಗ್ರಾಮನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಲೆಗಟ್ಟುವ ಭಯ. ಪ್ರಮಾಣವು ಇನ್ನೂ ಹೆಚ್ಚಿದರೆ ಎಲುಬು ಬಾಗುತ್ತದೆ. ತಿಳಿಯಾಗಿ ಕಂಡುದೇ ಶುದ್ಧವೆಂಬ ಲಕ್ಷಣಕ್ಕೆ ಇಲ್ಲಿ ಅತಿವ್ಯಾಪ್ತಿದೋಷವು ತಪ್ಪದು.

ಕಸದ ವಿಷಯವೂ ಇದೇ ರೀತಿಯದು. ಸುರಪಾಲನ ವೃಕ್ಷಾಯುರ್ವೇದದಲ್ಲಿ ಬರುವ ಕುಣಪಜಲವು ಮಾಂಸ, ಮಜ್ಜೆಗಳಂಥ ಜೀವಜನ್ಯವಾದ ಹೇಯವಸ್ತುಗಳನ್ನು ಕೊಳೆಯಿಸಿ ಗಿಡಕ್ಕೆ ಆಹಾರವಾಗಿಸುವ ವಿಧಾನ. ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯ ಎಂಬವರು ರೂಪಿಸಿದ ಕಾಂಪೋಸ್ಟು ಪದ್ಧತಿಯೂ ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ಹರಡಿ ಗೊಬ್ಬರಮಾಡುವ ಕ್ರಮವೇ. ಮಣ್ಣು ಜೀರ್ಣಿಸಿಕೊಳ್ಳಬಲ್ಲುದನ್ನು ಮಣ್ಣಿಗೆ ಹಿಂದಿರುಗಿಸಬೇಕೆಂಬುದು ಎರಡರಲ್ಲಿಯೂ ಸಮಾನ. ಆದರೆ ಈ ನ್ಯಾಯವನ್ನು ಬೆಳ್ಳಂದೂರು ಕೆರೆಗೆ ಹೊಂದಿಸಲಾಗದು. ೨೦೧೫ರಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹತ್ತಿತು. ೨೦೧೭ರಲ್ಲಿಯೂ ಕೆರೆಯಂಗಳದಲ್ಲಿ ಉರಿಯೆದ್ದಿತು. ಶುದ್ಧಿಮಾಡದೆ ಬಿಟ್ಟ ಚರಂಡಿಯ ನೀರು, ಅದರೊಡನೆ ಬಂದ ಮಾರ್ಜಕದ್ರವ್ಯಗಳು ಅಲ್ಲಿಯ ನೊರೆಗೆ ಮುಖ್ಯ ಕಾರಣಗಳೆಂದು ಸಂಶೋಧಕರು ತಿಳಿಸಿದರು. ಮಾರ್ಜಕವೂ ಲೋಹವೂ ಬೆರೆತ ಈ ಕಲ್ಮಷಕ್ಕೆ ಕುಣಪಜಲದ ವಿಧಿಯಲ್ಲಿ ಪ್ರತೀಕಾರವಿಲ್ಲ.

ಇದರಿಂದ ಪ್ರಾಚೀನರಿಗೆ ನ್ಯೂನತೆಯೇನೂ ಬಾರದು. ಕಂಡುದನ್ನು ಅವರು ಲಕ್ಷಣಬದ್ಧವಾಗಿ ಹೇಳಿದರು. ಕಾಣದುದನ್ನೂ ಅವರು ಹೇಳಿದ್ದರೆಂದು ಆರೋಪಿಸುವುದೇ ಅವರಿಗೆ ಅಪಚಾರ. ಆ ಭರವಸೆಯಿಂದ ಬಾವಿಯ ನೀರನ್ನು ಪರೀಕ್ಷಿಸದೆ ಕುಡಿಸಿದರೆ ಅದರ ಫಲವನ್ನು ಅನುಭವಿಸುವವರು ಹಳ್ಳಿಯ ಮಕ್ಕಳು. ಉದಕಾರ್ಗಳವನ್ನು ಬೋಧಿಸುವ ಉಪಾಧ್ಯಾಯರು ನೆಲದೊಡನೆ ನೀರನ್ನು ಪರೀಕ್ಷಿಸಬೇಕೆಂಬ ಮೂಲವಿಧಿಯನ್ನು ಎತ್ತಿಹಿಡಿದು, ತಮ್ಮ ಊರಿನ ಬಾವಿಯ ಪ್ರಯೋಗಶಾಲಾ ಪರೀಕ್ಷೆಯ ಫಲವನ್ನೂ ಪಾಠದೊಡನೆ ಓದಿಸಿದರೆ ಗ್ರಂಥದ ಹೆಸರು ಅನ್ವರ್ಥವಾಗುವುದು.